ಎಣ್ಣಿ ಹೊಡೆಯುವ ಹೊಲ, ಕೊರಳಿನ ನಾಳ

ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ರಾವೂರ, ಚಿತ್ತಾಪುರ, ಸೇಡಂ ಸೀಮೆಯ ಹೊಲಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡವರು ಕಾಣಿಸುತ್ತಾರೆ. ಕಾಯಿಕೊರಕ ಹುಳಕ್ಕೆ ಎಣ್ಣಿ ಹೊಡೆಯುವ ಕಾಲ ಅದು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎಂದೇ ಹೆಸರು. ಸಂಜೆ ಮನೆಗೆ ಬಂದವನಿಗೆ ತಲೆ ಸುತ್ತಿ, ಬಾಯಲ್ಲಿ ಜೊಲ್ಲು ಬಂದು, ಕಣ್ಣು ಮಂಜಾದರೆ ‘ಎಣ್ಣಿ ಏರ್ಯಾದ’ ಅನ್ನುತ್ತಾರೆ. ಪಕ್ಕದ ಸಾಲಿನಲ್ಲೇ ದಿನವಿಡೀ ಹೊಡೆದ ಇನ್ನೊಬ್ಬ ಮಾತ್ರ ಉಂಡು ಆರಾಮ ಮಲಗಿರುತ್ತಾನೆ. ಗಾಳಿಯ ದಿಕ್ಕು, ಮೈಮೇಲಿನ ಬಟ್ಟೆ, ಬೆರೆಸಿದ ಪ್ರಮಾಣ ಇವೆಲ್ಲ ಇದಕ್ಕೆ ಕಾರಣ ಆಗಬಹುದು. ರಕ್ತದಲ್ಲಿರುವ ಒಂದು ಕಿಣ್ವವೂ ಆಗಬಹುದು. ಆ ಕಿಣ್ವದ ಕಥೆ ಹೊಲದಲ್ಲಿ ಶುರುವಾಗಿ ಕೊರಳಿಗೆ ಬಂದು ನಿಲ್ಲುತ್ತದೆ.

ಅದರ ಹೆಸರು ಪ್ಯಾರಾಆಕ್ಸೊನೇಸ್-1, ಚಿಕ್ಕದಾಗಿ ಪಿಒಎನ್1. ಪ್ಯಾರಾಥಿಯಾನ್ ಎಂಬ ಹಳೆಯ ಕೀಟನಾಶಕ ಮೈಗೆ ಸೇರಿದರೆ ಯಕೃತ್ತಿನಲ್ಲಿ ಅದು ಪ್ಯಾರಾಆಕ್ಸಾನ್ ಎಂಬ ಇನ್ನೂ ಉಗ್ರವಾದ ವಿಷ ಆಗುತ್ತದೆ. ಅದನ್ನು ಸೀಳಬಲ್ಲದ್ದು ಎಂಬ ಕಾರಣಕ್ಕೆ ಕಿಣ್ವಕ್ಕೆ ಈ ಹೆಸರು ಬಂತು. ರೈತರಿಗೆ ಚೆನ್ನಾಗಿ ಗೊತ್ತಿರುವ ಕ್ಲೋರ್‌ಪೈರಿಫಾಸ್ ಕೂಡ ಮೈಯೊಳಗೆ ಇದೇ ದಾರಿ ಹಿಡಿಯುತ್ತದೆ. ಅದರ ಉಗ್ರ ರೂಪವನ್ನು ಪಿಒಎನ್1 ಇನ್ನೂ ಚುರುಕಾಗಿ ಒಡೆಯುತ್ತದೆ.

ಆದರೆ ಪ್ರಕೃತಿ ಈ ಕಿಣ್ವವನ್ನು ನಮ್ಮ ಎಣ್ಣಿಗಾಗಿ ಮಾಡಿಟ್ಟಿರಲು ಸಾಧ್ಯವಿಲ್ಲ. ಎಣ್ಣಿ ಬಂದದ್ದು ನಿನ್ನೆ ಮೊನ್ನೆ. ಹಾಗಾದರೆ ಅದರ ನಿಜವಾದ ಕಸುಬು ಏನು? ಅದು ರಕ್ತದಲ್ಲಿ ಓಡಾಡುವುದು ಎಚ್‌ಡಿಎಲ್ ಕಣಗಳ ಮೇಲೆ ಕುಳಿತು. ರಕ್ತ ಪರೀಕ್ಷೆಯ ಚೀಟಿಯಲ್ಲಿ ‘ಒಳ್ಳೆ ಕೊಲೆಸ್ಟರಾಲ್’ ಎಂದು ಡಾಕ್ಟರು ಬೆರಳಿಟ್ಟು ತೋರಿಸುತ್ತಾರಲ್ಲ, ಅದೇ. ಕೆಟ್ಟದ್ದು ಎನಿಸಿಕೊಂಡ ಎಲ್‌ಡಿಎಲ್ ಕಣ ನಾಳದ ಗೋಡೆಯೊಳಗೆ ನುಸುಳಿ, ಹಳೆ ಎಣ್ಣೆಯಂತೆ ಕಮಟಿದಾಗಲೇ ಉಪದ್ರವ ಶುರು. ಕಮಟಿದ ಕೊಬ್ಬನ್ನು ಬಿಳಿ ರಕ್ತಕಣಗಳು ಬಕಬಕನೆ ನುಂಗಿ, ಅರಗಿಸಲಾರದೆ, ನೊರೆ ತುಂಬಿದ ಚೀಲಗಳಾಗಿ ಅಲ್ಲೇ ಸಾಯುತ್ತವೆ. ಆ ರಾಶಿಯೇ ಪ್ಲಾಕ್. ಎಲ್‌ಡಿಎಲ್ ಹೀಗೆ ಕಮಟದಂತೆ ಪಿಒಎನ್1 ತಡೆಯುತ್ತದೆ ಎಂಬುದನ್ನು 1991ರಲ್ಲಿ ಇಂಗ್ಲೆಂಡಿನ ಮ್ಯಾಕ್‌ನೆಸ್ ಮತ್ತು ಸಂಗಡಿಗರು ಪ್ರಯೋಗಶಾಲೆಯಲ್ಲಿ ತೋರಿಸಿದರು. 1998ರಲ್ಲಿ ಇನ್ನೂ ಸೊಗಸಾದ ಸಾಕ್ಷಿ ಸಿಕ್ಕಿತು. ಅಮೆರಿಕದ ವಿಜ್ಞಾನಿಗಳು ಪಿಒಎನ್1 ಜೀನನ್ನೇ ತೆಗೆದುಹಾಕಿದ ಇಲಿಗಳನ್ನು ಬೆಳೆಸಿದರು. ಆ ಇಲಿಗಳು ಕ್ಲೋರ್‌ಪೈರಿಫಾಸ್ ವಿಷಕ್ಕೆ ಬೇಗ ಬಲಿಯಾದವು. ಕೊಬ್ಬಿನ ಮೇವು ಹಾಕಿದಾಗ ಅವುಗಳ ರಕ್ತನಾಳಗಳಲ್ಲೂ ಪ್ಲಾಕ್ ಹೆಚ್ಚು ಬೆಳೆಯಿತು. ಹೊಲದ ಕಾವಲುಗಾರನೂ ನಾಳದ ಕಾವಲುಗಾರನೂ ಒಬ್ಬನೇ ಎಂದಾಯಿತು.

ಪ್ಲಾಕ್ ಕೂರುವ ಜಾಗ ತಿಳಿಯಬೇಕೆಂದರೆ ವಾಡಿ ಜಂಕ್ಷನ್ ನೆನೆಸಿಕೊಳ್ಳಿ. ಕಲಬುರಗಿ ಕಡೆಯಿಂದ ಬಂದ ಹಳಿ ಅಲ್ಲಿ ಒಂದು ಕವಲು ರಾಯಚೂರಿನತ್ತ, ಇನ್ನೊಂದು ಕವಲು ಸೇಡಂ ಮೇಲೆ ಸಿಕಂದರಾಬಾದಿನತ್ತ ಒಡೆಯುತ್ತದೆ. ಕೊರಳಿನ ಎರಡೂ ಪಕ್ಕದ ಕೆರೊಟಿಡ್ ಧಮನಿಗಳೂ ಹಾಗೆಯೇ: ಗಂಟಲಿನ ಉಬ್ಬಿನ ಆಸುಪಾಸಿಗೆ ಬಂದು ಒಂದು ಕವಲು ಮಿದುಳಿಗೆ, ಇನ್ನೊಂದು ಮುಖಕ್ಕೆ ಹೋಗುತ್ತದೆ. ನೇರ ಹರಿಯುವ ರಕ್ತ ಗೋಡೆಯನ್ನು ಸವರಿ ಚೊಕ್ಕವಾಗಿಡುತ್ತದೆ. ಕವಲಿನ ಹೊರಮಗ್ಗುಲಲ್ಲಿ ಅದು ನಿಧಾನವಾಗಿ ಸುಳಿ ಸುತ್ತುತ್ತದೆ. ಹಳ್ಳ ತಿರುಗುವಲ್ಲಿ ಕಸ ನಿಲ್ಲುವಂತೆ ಪ್ಲಾಕ್ ಅಲ್ಲೇ ಕೂರುತ್ತದೆ. ಅದರಿಂದ ಒಂದು ಚೂರು ಕಿತ್ತು ಮೇಲೆ ಹೋದರೆ ಲಕ್ವಾ. ಭಾರತೀಯರಲ್ಲಿ ಕೊರಳಿಗಿಂತ ತಲೆಬುರುಡೆಯ ಒಳಗಿನ ನಾಳಗಳು ಕಟ್ಟುವುದೇ ಹೆಚ್ಚು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಆದರೆ ಕೊರಳಿನ ನಾಳವನ್ನು ಚರ್ಮದ ಮೇಲಿಂದಲೇ ಸೋನೋಗ್ರಫಿ ಮಾಡಿ ನೋಡಬಹುದು, ಅದೊಂದು ಅನುಕೂಲ.

ಇಷ್ಟಾದ ಮೇಲೆ ‘ಹಾಗಾದರೆ ನನ್ನ ಪಿಒಎನ್1 ಜೀನು ಒಳ್ಳೆಯದೋ ಕೆಟ್ಟದ್ದೋ?’ ಎಂದು ಕೇಳುವುದು ಸಹಜ. ವಿಜ್ಞಾನಿಗಳೂ ಹಾಗೇ ಕೇಳಿ ಬಹಳ ವರ್ಷ ಕಳೆದರು. ಈ ಕಿಣ್ವದ 192ನೇ ಜಾಗದಲ್ಲಿ ಕೆಲವರಿಗೆ ಗ್ಲುಟಮಿನ್ ಎಂಬ ಅಮೈನೊ ಆಮ್ಲ ಇರುತ್ತದೆ, ಕೆಲವರಿಗೆ ಆರ್ಜಿನಿನ್. ಯಾವುದು ಇದ್ದವರಿಗೆ ನಾಳದ ರೋಗ ಹೆಚ್ಚು ಎಂದು ದೇಶದೇಶಗಳಲ್ಲಿ ಎಣಿಸಿದರು. ಒಂದು ಕಡೆಯ ಲೆಕ್ಕ ಇನ್ನೊಂದು ಕಡೆ ತಾಳೆ ಆಗಲಿಲ್ಲ. 2000ರಲ್ಲಿ ಸಿಯಾಟಲ್‌ನ ಗೇಲ್ ಜಾರ್ವಿಕ್, ಕ್ಲೆಮೆಂಟ್ ಫರ್ಲಾಂಗ್ ತಂಡ ಕೊರಳಿನ ನಾಳ ಕಟ್ಟಿದ ಗಂಡಸರನ್ನೂ ಕಟ್ಟದವರನ್ನೂ ಎದುರುಬದುರು ಇಟ್ಟು ನೋಡಿತು. ಜೀನಿನ ಮಾದರಿ ಎರಡೂ ಗುಂಪಿನಲ್ಲಿ ಹೆಚ್ಚೂಕಡಿಮೆ ಒಂದೇ. ಕಿಣ್ವ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆದಾಗ ಮಾತ್ರ ರೋಗಿಗಳಲ್ಲಿ ಅದು ಕಡಿಮೆ ಇತ್ತು. ಒಂದೇ ಮಾದರಿಯ ಜೀನು ಇರುವ ಇಬ್ಬರ ನಡುವೆ ಕಿಣ್ವದ ಮಟ್ಟ ಹತ್ತು ಪಟ್ಟಿಗೂ ಮೀರಿ ಹೆಚ್ಚುಕಡಿಮೆ ಇರಬಲ್ಲದು. ಜಾತಕ ಓದುವ ಹಾಗೆ ಜೀನು ಓದಿ ಭವಿಷ್ಯ ಹೇಳುವೆವು ಎನ್ನುವ ದುಬಾರಿ ಪರೀಕ್ಷೆಗಳ ಜಾಹೀರಾತು ಕಂಡಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ಬೀಡಿ ಸಿಗರೇಟು ಈ ಕಿಣ್ವವನ್ನು ಕುಗ್ಗಿಸುತ್ತವೆ, ಸಕ್ಕರೆ ಕಾಯಿಲೆಯಲ್ಲೂ ಅದು ಕಡಿಮೆ. ಹಸುಗೂಸುಗಳಲ್ಲಂತೂ ದೊಡ್ಡವರಿಗಿಂತ ಬಹಳ ಕಡಿಮೆ. ಕೂಸನ್ನು ಕಟ್ಟಿಕೊಂಡು ಎಣ್ಣಿ ಹೊಡೆಯುವ ಹೊಲಕ್ಕೆ ಹೋಗುವ ತಾಯಂದಿರು ಈ ಒಂದು ಸಾಲನ್ನು ಓದಿದರೂ ಸಾಕು.

ಇದಕ್ಕೆ ತದ್ವಿರುದ್ಧವಾಗಿ ಜೀನೇ ಬಹುಪಾಲು ತೀರ್ಮಾನಿಸುವ, ನಾಳಕ್ಕೆ ಕೇಡು ಮಾಡುವ ವಸ್ತು ಒಂದುಂಟು: ಲೈಪೊಪ್ರೋಟೀನ್(ಎ). ನಾರ್ವೆಯ ಕೋರೆ ಬರ್ಗ್ 1963ರಲ್ಲಿ ಕಂಡುಹಿಡಿದದ್ದು. ಎಲ್‌ಡಿಎಲ್‌ನಂಥ ಕಣಕ್ಕೇ ಇನ್ನೊಂದು ಪ್ರೋಟೀನಿನ ಬಾಲ. ಊಟ, ನಡಿಗೆ, ಪಥ್ಯ ಯಾವುದಕ್ಕೂ ಅದು ಹೆಚ್ಚು ಬಗ್ಗುವುದಿಲ್ಲ. ಯುರೋಪಿನವರಿಗಿಂತ ನಮ್ಮ ಉಪಖಂಡದವರಲ್ಲಿ ಇದರ ಮಟ್ಟ ಮೇಲೆ. ಆಯುಷ್ಯದಲ್ಲಿ ಒಮ್ಮೆ ಅಳೆದರೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ ಬಿಪಿ, ಎಲ್‌ಡಿಎಲ್ ಎರಡನ್ನೂ ಬಿಗಿಯಾಗಿ ಹಿಡಿಯಬೇಕು.

ನಾಳದ ರೋಗದೊಂದಿಗೆ ನಂಟಿರುವ ಹೋಮೊಸಿಸ್ಟೀನ್ ಎಂಬ ಮತ್ತೊಂದು ವಸ್ತು ಬಿ12 ಕೊರತೆಯಾದಾಗ ರಕ್ತದಲ್ಲಿ ಏರುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ನೋಡಿದ ಗರ್ಭಿಣಿಯರಲ್ಲಿ 43% ಮಂದಿಗೆ ಬಿ12 ಕಡಿಮೆ ಇತ್ತು ಎಂದು 2009ರಲ್ಲಿ ವರದಿಯಾಯಿತು. ಬೇಳೆ ಎಷ್ಟು ತಿಂದರೂ ಬಿ12 ಬರುವುದಿಲ್ಲ, ತೊಗರಿ ನಾಡಿನವರಿಗೂ ಅಷ್ಟೇ. ಹಾಲು ಮೊಸರು ಮೊಟ್ಟೆ ಬೇಕು. ಆದರೆ ಹೋಮೊಸಿಸ್ಟೀನ್ ಇಳಿಸಿದರೆ ಲಕ್ವಾ ತಪ್ಪುತ್ತದೆಯೇ ಎಂಬ ದೊಡ್ಡ ಪ್ರಯೋಗಗಳು ಮಿಶ್ರ ಉತ್ತರ ಕೊಟ್ಟಿವೆ.

ಇನ್ನು ನಮ್ಮ ಕಲ್ಲಿನ ಮಾತು. ಹಳೆಯ ಪ್ಲಾಕ್ ಸುಣ್ಣಗಟ್ಟಿ ಗಟ್ಟಿಯಾಗುತ್ತದೆ. ಪರಸಿ ಗಣಿಗಳ ನಡುವೆ ಬದುಕುವವರು ಇದನ್ನು ಕುಡಿಯುವ ನೀರಿಗೆ ಗಂಟು ಹಾಕಬಾರದು. ಶಹಾಬಾದ್ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ನಾಳದಲ್ಲಿ ಕೂರುವುದು ಕ್ಯಾಲ್ಸಿಯಂ ಫಾಸ್ಫೇಟ್, ಎಲುಬಿನಲ್ಲಿ ಇರುವಂಥದ್ದು. ಉರಿಯೂತ ಕಂಡ ಗೋಡೆ ತಾನೇ ಎಲುಬಾಗಲು ಹೊರಟ ಹಾಗೆ ಅದು.

ಪಿಒಎನ್1 ಅಳೆಯುವ ಪರೀಕ್ಷೆ ನಮ್ಮ ಲ್ಯಾಬುಗಳಲ್ಲಿ ರೂಢಿಯಲ್ಲಿಲ್ಲ. ಕೊರಳಿನ ನಾಳ ತಾನಾಗಿ ಕೊಡುವ ಎಚ್ಚರಿಕೆಯನ್ನು ಮಾತ್ರ ಯಾರು ಬೇಕಾದರೂ ಗುರುತಿಸಬಹುದು. ಒಂದು ಕಣ್ಣಿಗೆ ಪರದೆ ಎಳೆದಂತಾಗಿ ತಿಳಿಯಾಗುವುದು, ಒಂದು ಕೈ ಜೋಲುಬಿದ್ದು ಹತ್ತು ನಿಮಿಷಕ್ಕೆ ಸರಿಹೋಗುವುದು, ಮಾತು ತೊದಲಿ ಮತ್ತೆ ನೆಟ್ಟಗಾಗುವುದು. ಸರಿಹೋಯಿತಲ್ಲ ಎಂದು ಚಹಾ ಕುಡಿದು ಮಲಗಬೇಡಿ. ದೊಡ್ಡ ಲಕ್ವಾ ಬರುವ ಸಂಭವ ಅದರ ನಂತರದ 48 ತಾಸುಗಳಲ್ಲೇ ಅತಿ ಹೆಚ್ಚು. ಅವತ್ತೇ ಕಲಬುರಗಿಯ ಗಾಡಿ ಹಿಡಿಯಿರಿ.