ಮುಗ್ಗರಿಸಿದ ಸಿನಿಮಾ, ಎದ್ದು ನಿಂತ ಸರಣಿ

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ಆದರೆ ‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಎಂಬ ಗಾದೆ ಒಂದು ಸಲವಾದರೂ ಸುಳ್ಳಾಗಿದೆ. 2008ರ ಆಗಸ್ಟ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದ ‘ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್’ ಎಂಬ ಅನಿಮೇಷನ್ ಚಿತ್ರದಲ್ಲಿ ಸಿರಿಯ ಸುಳಿವು ಕಂಡವರು ಬಹಳ ಕಡಿಮೆ. ವಿಮರ್ಶಕರು ಬೈದರು, ಅಭಿಮಾನಿಗಳು ಮುಖ ಸಿಂಡರಿಸಿದರು. ಆ ಚಿತ್ರದ ಬೆನ್ನಿಗೇ ಶುರುವಾದ ಟೀವಿ ಸರಣಿ ಮಾತ್ರ ಏಳು ಸೀಸನ್, 133 ಕಂತುಗಳಷ್ಟು ಬೆಳೆಯಿತು. ಇಂದು ಎಷ್ಟೋ ಅಭಿಮಾನಿಗಳು ಅದಕ್ಕೆ ಮೂಲ ಚಿತ್ರಗಳ ಪಕ್ಕದಲ್ಲೇ ಜಾಗ ಕೊಡುತ್ತಾರೆ. ಅದೇ ತಂಡ, ಅದೇ ಪಾತ್ರಗಳು. ಹಾಗಾದರೆ ಬದಲಾದದ್ದೇನು?

ಕಥೆ ಎಲ್ಲಿಂದ ಶುರು?

ಸ್ಟಾರ್ ವಾರ್ಸ್ ಜಗತ್ತನ್ನು ಕಟ್ಟಿದವರು ಜಾರ್ಜ್ ಲ್ಯೂಕಾಸ್. ಮೊದಲ ಚಿತ್ರ ಬಂದದ್ದು 1977ರಲ್ಲಿ. 2005ರ ಹೊತ್ತಿಗೆ ಆರು ಚಿತ್ರಗಳಾಗಿದ್ದವು. ಅನಾಕಿನ್ ಸ್ಕೈವಾಕರ್ ಎಂಬ ಒಳ್ಳೆಯ ಯೋಧ ಹೇಗೆ ಡಾರ್ತ್ ವೇಡರ್ ಎಂಬ ಕ್ರೂರಿಯಾದ ಎಂಬುದು ಆ ಕಥೆಯ ಒಂದು ದೊಡ್ಡ ಎಳೆ. ಅವನು ಕೆಡುವ ಮೊದಲು ನಡೆದದ್ದೇ ಕ್ಲೋನ್ ಯುದ್ಧ. ಗಣರಾಜ್ಯದ ಪರ ಹೋರಾಡುವ ಸೈನಿಕರೆಲ್ಲ ಒಬ್ಬನೇ ಮನುಷ್ಯನ ತದ್ರೂಪಿಗಳು, ಅಂದರೆ ಕ್ಲೋನ್‌ಗಳು. ಅವರನ್ನು ಮುನ್ನಡೆಸುವವರು ಬೆಳಕಿನ ಕತ್ತಿ ಹಿಡಿದ ಜೆಡೈ ಯೋಧರು. ಎದುರಾಳಿಗಳದ್ದು ರೋಬಾಟ್ ಸೈನ್ಯ. ಸಿನಿಮಾಗಳು ಈ ಯುದ್ಧದ ಆರಂಭ ಮತ್ತು ಕೊನೆಯನ್ನಷ್ಟೇ ತೋರಿಸಿದ್ದವು. ನಡುವಿನ ಮೂರು ವರ್ಷಗಳ ಕಥೆ ಹೇಳಲೆಂದು ಲ್ಯೂಕಾಸ್ ತಮ್ಮದೇ ದುಡ್ಡು ಹಾಕಿ ಕಂಪ್ಯೂಟರ್ ಅನಿಮೇಷನ್ ಸರಣಿಯೊಂದನ್ನು ಶುರುಮಾಡಿದರು. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಸರಣಿಯ ಕಂತುಗಳನ್ನು ನಿರ್ದೇಶಿಸಿದ್ದ ಡೇವ್ ಫಿಲೋನಿ ಅವರಿಗೆ ಹೊಣೆ ಒಪ್ಪಿಸಿದರು.

ತೇಪೆ ಹಾಕಿದ ಚಿತ್ರ

ಎಡವಟ್ಟಾದದ್ದು ಇಲ್ಲಿ. ತಂಡ ಮಾಡುತ್ತಿದ್ದದ್ದು ಟೀವಿಗಾಗಿ. ತಯಾರಾದ ಮೊದಲ ಕಂತುಗಳನ್ನು ದೊಡ್ಡ ಪರದೆಯ ಮೇಲೆ ನೋಡಿದ ಲ್ಯೂಕಾಸ್‌ಗೆ ಅವು ಬಹಳ ಇಷ್ಟವಾದವು. ಇವನ್ನೇ ಜೋಡಿಸಿ ಚಿತ್ರಮಂದಿರಕ್ಕೆ ಕಳಿಸೋಣ ಎಂದು ತೀರ್ಮಾನಿಸಿದರು.

ಟೀವಿ ಕಂತು ಎಂದರೆ ಸುಮಾರು 22 ನಿಮಿಷ. ಅಷ್ಟರಲ್ಲೇ ಸಮಸ್ಯೆ ಹುಟ್ಟಬೇಕು, ಬಿಗಿಯಾಗಬೇಕು, ಬಗೆಹರಿಯಬೇಕು. ಇಂಥ ನಾಲ್ಕನ್ನು ಸಾಲಾಗಿ ಹೊಲಿದರೆ ಒಂದೂವರೆ ಗಂಟೆಯ ಚಿತ್ರವೇನೋ ಆಗುತ್ತದೆ, ಆದರೆ ತೇಪೆ ಕಾಣುತ್ತದೆ. ಒಂದು ಯುದ್ಧ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು, ಅದಾದ ಮೇಲೆ ಮತ್ತೊಂದು. ಏರುತ್ತಾ ಹೋಗಬೇಕಾದ ಕಥೆ ರಸ್ತೆ ಉಬ್ಬುಗಳ ಮೇಲೆ ಹೋದ ಬಸ್ಸಿನಂತೆ ಕುಲುಕುತ್ತದೆ.

ಕಥೆಯೂ ಹಗುರ. ಜಬ್ಬಾ ಎಂಬ ದೈತ್ಯ ಪಾತಕಿಯ ಮಗುವನ್ನು ಯಾರೋ ಅಪಹರಿಸುತ್ತಾರೆ. ಅದನ್ನು ಬಿಡಿಸಿ ತರಲು ಅನಾಕಿನ್ ಮತ್ತು ಅವನ ಹೊಸ ಶಿಷ್ಯೆ ಹೊರಡುತ್ತಾರೆ. ಪಾತ್ರಗಳ ಮುಖಗಳು ಮರದಲ್ಲಿ ಕೆತ್ತಿದ ಗೊಂಬೆಗಳಂತಿದ್ದವು. ಅದು ಬೇಕೆಂದೇ ಮಾಡಿದ್ದು. ‘ಥಂಡರ್‌ಬರ್ಡ್ಸ್’ ಎಂಬ ಹಳೆಯ ಗೊಂಬೆಯಾಟದ ಟೀವಿ ಸರಣಿ ಅದಕ್ಕೆ ಪ್ರೇರಣೆ. ಟೀವಿಯಲ್ಲಿ ಒಪ್ಪುತ್ತಿದ್ದ ಆ ಬಿಗುವು ದೊಡ್ಡ ಪರದೆಯಲ್ಲಿ ಕೊರತೆಯಾಗಿ ಕಂಡಿತು.

ದುಡ್ಡಿನ ಲೆಕ್ಕದಲ್ಲಿ ಚಿತ್ರ ಮುಳುಗಲಿಲ್ಲ. ಸುಮಾರು 85 ಲಕ್ಷ ಡಾಲರ್ ಖರ್ಚಿನ ಚಿತ್ರ ಪ್ರಪಂಚದಾದ್ಯಂತ ಸುಮಾರು 6.8 ಕೋಟಿ ಡಾಲರ್ ಗಳಿಸಿತು. ಆದರೆ ಮರ್ಯಾದೆ ಗಳಿಸಲಿಲ್ಲ. ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಒಂದೂವರೆ ನಕ್ಷತ್ರ ಕೊಟ್ಟು ಸುಮ್ಮನಾದರು.

ಎಲ್ಲಕ್ಕಿಂತ ಹೆಚ್ಚು ಬೈಗುಳ ತಿಂದದ್ದು ಆ ಹೊಸ ಶಿಷ್ಯೆ, 14 ವರ್ಷದ ಅಸೋಕಾ ಟಾನೋ. ವಾಚಾಳಿ, ಹಟಮಾರಿ, ಗುರುವಿಗೇ ಅಡ್ಡಹೆಸರಿಟ್ಟು ಕರೆಯುವವಳು. ಹಳೆಯ ಚಿತ್ರಗಳಲ್ಲೆಲ್ಲೂ ಇಲ್ಲದ ಈ ಹುಡುಗಿ ಈಗೇಕೆ ಬಂದಳು ಎಂದು ಅಭಿಮಾನಿಗಳು ಗೊಣಗಿದರು.

ಎರಡೇ ತಿಂಗಳಲ್ಲಿ ಮತ್ತೊಂದು ಪ್ರಯತ್ನ

2008ರ ಅಕ್ಟೋಬರ್ 3ರಂದು ಅಮೆರಿಕದ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಸರಣಿ ಶುರುವಾಯಿತು. ಮೊದಲ ಕಂತಿನಲ್ಲಿ ಪುಟ್ಟ ದೇಹದ ಮುದಿ ಗುರು ಯೋಡಾ ಮೂವರು ಕ್ಲೋನ್ ಸೈನಿಕರೊಂದಿಗೆ ಒಂದು ಗುಹೆಯಲ್ಲಿ ಕೂರುತ್ತಾನೆ. ಹೆಲ್ಮೆಟ್ ತೆಗೆಯಿರಿ ಎನ್ನುತ್ತಾನೆ. ನೋಡಲು ಏನಿದೆ, ನಮ್ಮೆಲ್ಲರದ್ದೂ ಒಂದೇ ಮುಖ ಎಂದು ಅವರು ಸಂಕೋಚಪಡುತ್ತಾರೆ. ಇಲ್ಲ, ನೀವು ಒಬ್ಬೊಬ್ಬರೂ ಬೇರೆ ಬೇರೆ ಎಂದು ಯೋಡಾ ಒಬ್ಬೊಬ್ಬರ ಗುಣವನ್ನೂ ಬಿಡಿಸಿ ಹೇಳುತ್ತಾನೆ. ಕೆಲವೇ ನಿಮಿಷಗಳ ಈ ದೃಶ್ಯದಲ್ಲಿ ಇರುವಷ್ಟು ಜೀವ ಇಡೀ ಸಿನಿಮಾದಲ್ಲಿರಲಿಲ್ಲ.

ಸರಣಿಗೆ ತನ್ನ ಬೇರು ಸಿಕ್ಕಿದ್ದು ಇಲ್ಲೇ. ಸೈನಿಕರನ್ನು ಬೆಳೆಸಿದ್ದು ಕಾರ್ಖಾನೆಯಲ್ಲಿ, ಕೊಟ್ಟದ್ದು ಹೆಸರಲ್ಲ, ನಂಬರು. ಅವರೇ ಹೆಸರಿಟ್ಟುಕೊಳ್ಳುತ್ತಾರೆ. ಸಿಟಿ-7567 ತನ್ನನ್ನು ರೆಕ್ಸ್ ಎಂದು ಕರೆದುಕೊಳ್ಳುತ್ತಾನೆ. ಒಬ್ಬ ತಲೆ ಬೋಳಿಸುತ್ತಾನೆ, ಇನ್ನೊಬ್ಬ ಹಚ್ಚೆ ಹಾಕಿಸಿಕೊಳ್ಳುತ್ತಾನೆ, ಮತ್ತೊಬ್ಬ ಹೆಲ್ಮೆಟ್ಟಿಗೆ ಬಣ್ಣ ಬಳಿಯುತ್ತಾನೆ. ಈ ಎಲ್ಲರಿಗೂ ದನಿ ಕೊಟ್ಟವರು ಒಬ್ಬರೇ, ಡೀ ಬ್ರಾಡ್ಲಿ ಬೇಕರ್. ಆದರೂ ಕಣ್ಣು ಮುಚ್ಚಿ ಕೇಳಿದರೆ ಯಾರು ಯಾರೆಂದು ಗೊತ್ತಾಗುತ್ತದೆ.

ನಾಲ್ಕನೇ ಸೀಸನ್ನಿನಲ್ಲಿ ಉಂಬಾರಾ ಎಂಬ ಕತ್ತಲ ಗ್ರಹದ ಕಥೆ ಬರುತ್ತದೆ. ಅಲ್ಲಿನ ಸೇನಾಪತಿ ಕ್ರೆಲ್ ಸೈನಿಕರನ್ನು ನಂಬರಿನಿಂದಲೇ ಕೂಗುತ್ತಾನೆ, ಸಾಯುತ್ತಾರೆಂದು ಗೊತ್ತಿದ್ದೂ ಮುಂದಕ್ಕೆ ನೂಕುತ್ತಾನೆ. ಆಜ್ಞೆ ಪಾಲಿಸುವುದಕ್ಕೆಂದೇ ಹುಟ್ಟಿಸಿದ ಸೈನಿಕ ತಪ್ಪು ಆಜ್ಞೆ ಬಂದಾಗ ಏನು ಮಾಡಬೇಕು? ಮಕ್ಕಳ ಕಾರ್ಟೂನು ಎಂದುಕೊಂಡು ಪಕ್ಕದಲ್ಲಿ ಕೂತ ಅಪ್ಪ ಅಮ್ಮಂದಿರೂ ಪೇಪರ್ ಕೆಳಗಿಟ್ಟು ನೋಡುವಂಥ ಪ್ರಶ್ನೆ ಅದು.

ಬೆಳೆಯಲು ಬಿಟ್ಟ ಹುಡುಗಿ

ಅಸೋಕಾಳನ್ನು ತಂಡ ಕೈಬಿಡಲಿಲ್ಲ. ಜನರಿಗೆ ಹಿಡಿಸಲಿಲ್ಲವೆಂದು ರಾತ್ರೋರಾತ್ರಿ ಜಾಣೆಯನ್ನಾಗಿಯೂ ಮಾಡಲಿಲ್ಲ. ಅವಳ ಆತುರಕ್ಕೆ ಬೆಲೆ ತೆರುವಂತೆ ಮಾಡಿದರು. ಮೊದಲ ಸೀಸನ್ನಿನಲ್ಲೇ ಆಜ್ಞೆ ಮೀರಿ ಮುನ್ನುಗ್ಗಿ ತನ್ನ ಜೊತೆಯ ಪೈಲಟ್‌ಗಳನ್ನು ಕಳೆದುಕೊಳ್ಳುತ್ತಾಳೆ. ಆ ನೋವಿನಿಂದ ಕಲಿಯುತ್ತಾಳೆ. ಮೂರನೇ ಸೀಸನ್ನಿನ ನಡುವೆ ಎತ್ತರವಾಗುತ್ತಾಳೆ, ಉಡುಪು ಬದಲಾಗುತ್ತದೆ, ಕೈಗೆ ಎರಡು ಬೆಳಕಿನ ಕತ್ತಿಗಳು ಬರುತ್ತವೆ. ಆಶ್ಲಿ ಎಕ್‌ಸ್ಟೈನ್ ಅವರ ದನಿಯೂ ಪಾತ್ರದ ಜೊತೆಗೇ ಬೆಳೆಯಿತು.

ಐದನೇ ಸೀಸನ್ನಿನ ಕೊನೆಯಲ್ಲಿ ಅವಳ ಮೇಲೆ ಮಾಡದ ತಪ್ಪಿನ ಆರೋಪ ಬರುತ್ತದೆ. ಸಾಕಿ ಬೆಳೆಸಿದ ಜೆಡೈ ಹಿರಿಯರೇ ಅವಳನ್ನು ಹೊರಹಾಕುತ್ತಾರೆ. ನಿರಪರಾಧಿ ಎಂದು ಗೊತ್ತಾದಾಗ ವಾಪಸ್ ಬಾ ಎನ್ನುತ್ತಾರೆ. ಅವಳು ಬರುವುದಿಲ್ಲ. ಮೆಟ್ಟಿಲಿಳಿದು ಒಬ್ಬಳೇ ಹೊರಟುಬಿಡುತ್ತಾಳೆ. 2008ರಲ್ಲಿ ಇವಳು ಯಾಕೆ ಬಂದಳು ಎಂದಿದ್ದವರೇ 2013ರಲ್ಲಿ ಅವಳು ಹೋಗುವುದನ್ನು ನೋಡಿ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಸರಣಿಗೇ ಕುತ್ತು ಬಂತು. 2012ರಲ್ಲಿ ಡಿಸ್ನಿ ಕಂಪನಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯನ್ನು 405 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಮರುವರ್ಷ ಸರಣಿ ನಿಂತಿತು. ಉಳಿದಿದ್ದ 13 ಕಂತುಗಳು 2014ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದವು. ಕಥೆ ಮಾತ್ರ ಅರ್ಧಕ್ಕೇ ಉಳಿಯಿತು. ಅಭಿಮಾನಿಗಳು ವರ್ಷಗಟ್ಟಲೆ ಕೇಳುತ್ತಲೇ ಇದ್ದರು. ಕೊನೆಗೆ 2020ರಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಏಳನೇ ಸೀಸನ್ ಬಂದು ಕಥೆ ಪೂರ್ತಿಯಾಯಿತು. ಅದರಲ್ಲಿ ಅಸೋಕಾ ಹಿಂತಿರುಗಿದಾಗ ಅವಳನ್ನು ಎದುರುಗೊಳ್ಳುವ ಸೈನಿಕರ ಹೆಲ್ಮೆಟ್ಟುಗಳ ಮೇಲೆ ಅವಳ ಮುಖದ ಗುರುತುಗಳದ್ದೇ ಚಿತ್ತಾರ. ನಂಬರುಗಳಾಗಿ ಹುಟ್ಟಿದವರು ತಮ್ಮವಳಿಗೆ ಕೊಟ್ಟ ಮರ್ಯಾದೆ ಅದು. 2023ರಲ್ಲಿ ಅವಳ ಹೆಸರಿನಲ್ಲೇ ‘ಅಸೋಕಾ’ ಎಂಬ ಸರಣಿ ಬಂತು. ನಟಿ ರೊಸಾರಿಯೋ ಡಾಸನ್ ಆ ಪಾತ್ರ ವಹಿಸಿದರು.

ಮನೆಮಂದಿ ನೋಡುವುದಾದರೆ

ಸರಣಿಯ ಕಂತುಗಳು ಕಾಲಕ್ರಮದಲ್ಲಿಲ್ಲ. ಕಥೆ ಹಿಂದೆ ಮುಂದೆ ಜಿಗಿಯುತ್ತದೆ. ಮೊದಲ ಸಲ ನೋಡುವವರು ಪ್ರಸಾರವಾದ ಕ್ರಮದಲ್ಲೇ ನೋಡಿದರೂ ಅಡ್ಡಿಯಿಲ್ಲ. ಸಿನಿಮಾ ಬೇಸರ ತರಿಸಿದರೆ ಅಲ್ಲಿಗೇ ನಿಲ್ಲಿಸಬೇಡಿ, ಯೋಡಾನ ಕಂತಿಗೆ ಹೋಗಿ. ಮೊದಲ ಸೀಸನ್ ಚಿಕ್ಕ ಮಕ್ಕಳಿಗೂ ಹಿಡಿಸೀತು. ಮುಂದಿನವು ಗಾಢವಾಗುತ್ತವೆ. ಇಷ್ಟಪಟ್ಟ ಪಾತ್ರಗಳು ಸಾಯುತ್ತವೆ. ಉಂಬಾರಾ ಕಥೆಯನ್ನೂ ಕೊನೆಯ ಸೀಸನ್ನನ್ನೂ ಹತ್ತು ಹನ್ನೆರಡು ವರ್ಷ ದಾಟಿದವರು ದೊಡ್ಡವರ ಜೊತೆ ಕೂತು ನೋಡುವುದು ಒಳ್ಳೆಯದು. ಕಂತು ಮುಗಿದ ಮೇಲೆ ಐದು ನಿಮಿಷ ಮಾತಾಡುವುದಕ್ಕೆ ಬೇಕಾದಷ್ಟು ಸಿಗುತ್ತದೆ.

ಎಲ್ಲ ಮುಗಿದ ಮೇಲೆ, ಮನಸ್ಸಾದರೆ, ಆ ಹಳೆಯ ಸಿನಿಮಾವನ್ನು ಇನ್ನೊಮ್ಮೆ ಹಾಕಿ. ತೇಪೆಗಳು ಹಾಗೇ ಇವೆ, ಒಂದು ದೃಶ್ಯವೂ ಬದಲಾಗಿಲ್ಲ. ಆದರೆ ಯುದ್ಧಭೂಮಿಯಲ್ಲಿ ಹಡಗಿನಿಂದಿಳಿದು, ನಾನೇ ನಿಮ್ಮ ಹೊಸ ಶಿಷ್ಯೆ ಎನ್ನುವ ಆ ತರಲೆ ಹುಡುಗಿಯನ್ನು ಈ ಸಲ ಬೈಯಲು ಮನಸ್ಸು ಬರುವುದಿಲ್ಲ.