ಎರಡು ಶ್ರುತಿ, ಎರಡು ಲಯ, ಒಂದೇ ಹಾಡು

ಬ್ಯಾಟರಿ ಇಳಿದ ಟೇಪ್ ರೆಕಾರ್ಡರಿನಲ್ಲಿ ಗಾಯಕಿಯ ಧ್ವನಿಯೂ ಗಂಡುಧ್ವನಿಯಂತೆ ದಪ್ಪಗಾಗಿ, ಹಾಡು ತೆವಳುತ್ತಿದ್ದುದು ಹಲವು ಹೆತ್ತವರಿಗೆ ನೆನಪಿರಬಹುದು. ಮೋಟಾರು ನಿಧಾನವಾದರೆ ಹಾಡಿನ ವೇಗ ಕುಗ್ಗುವುದು ಸರಿ; ಧ್ವನಿ ಏಕೆ ಇಳಿಯಬೇಕು? ಈ ಪುಟ್ಟ ಪ್ರಶ್ನೆಯ ಉತ್ತರದ ಮೇಲೆ ಇಪ್ಪತ್ತನೆಯ ಶತಮಾನದ ಪ್ರಸಿದ್ಧ ಹಾಡೊಂದು ನಿಂತಿದೆ. ಅದೇ ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಸ್ಟ್ರಾಬೆರಿ ಫೀಲ್ಡ್ ಎಂಬ ಮಕ್ಕಳ ಆಶ್ರಯಧಾಮವಿತ್ತು. ಚಿಕ್ಕಂದಿನಲ್ಲಿ ದೊಡ್ಡಮ್ಮನ ಮನೆಯಲ್ಲಿ ಬೆಳೆದ ಜಾನ್ ಲೆನನ್‌ಗೆ ಅದರ ತೋಟ ಆಟದ ತಾಣ. ಆ ನೆನಪಿನಿಂದ ಹುಟ್ಟಿದ ಹಾಡಿನ ಧ್ವನಿಮುದ್ರಣ 1966ರ ನವೆಂಬರಿನಲ್ಲಿ ಲಂಡನ್ನಿನ ಅಬ್ಬೆ ರಸ್ತೆಯ ಸ್ಟುಡಿಯೋದಲ್ಲಿ ಆರಂಭವಾಯಿತು. ಮೊದಲು ಸಿದ್ಧವಾದದ್ದು ಮೃದುವಾದ, ನಿಧಾನಗತಿಯ ರೂಪ. ಲೆನನ್‌ಗೆ ತೃಪ್ತಿಯಾಗಲಿಲ್ಲ. ನಾಲ್ಕು ಟ್ರಂಪೆಟ್, ಮೂರು ಚೆಲ್ಲೋಗಳನ್ನು ಸೇರಿಸಿ, ವೇಗವನ್ನೂ ಶ್ರುತಿಯನ್ನೂ ಏರಿಸಿ ಇನ್ನೊಂದು ರೂಪ ತಯಾರಾಯಿತು. ಆಗ ಅವರ ಬೇಡಿಕೆ: ಮೊದಲನೆಯದರ ಆರಂಭ, ಎರಡನೆಯದರ ಉಳಿದ ಭಾಗ, ಎರಡನ್ನೂ ಜೋಡಿಸಬೇಕು!

ನಿರ್ಮಾಪಕ ಜಾರ್ಜ್ ಮಾರ್ಟಿನ್ ತಲೆ ಅಲ್ಲಾಡಿಸಿದರು. ಎರಡರ ಶ್ರುತಿ ಬೇರೆ, ಲಯವೂ ಬೇರೆ; ಹಾಗೆಯೇ ಅಂಟಿಸಿದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ.

ಟೇಪಿನ ಗಣಿತ

ಶ್ರುತಿ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಲಯ ಎಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಎಂಬ ಲೆಕ್ಕ. ಟೇಪಿನ ಮೇಲೆ ಎರಡೂ ಉದ್ದವಾಗಿ ಅಚ್ಚಾಗಿರುತ್ತವೆ. ಟೇಪು ಬೇಗ ಓಡಿದರೆ ಕಂಪನಗಳೂ ಪೆಟ್ಟುಗಳೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಉದಾಹರಣೆಗೆ, ಸೆಕೆಂಡಿಗೆ 15 ಅಂಗುಲದಂತೆ ಓಡುವ ಟೇಪನ್ನು 15.9 ಅಂಗುಲಕ್ಕೆ ಏರಿಸಿದರೆ 440 ಕಂಪನದ ಸ್ವರ ಸುಮಾರು 466ಕ್ಕೇರುತ್ತದೆ. ಹಾರ್ಮೋನಿಯಂನಲ್ಲಿ ಇದು ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ ಹೋದಂತೆ. ಜೊತೆಗೆ, ನಿಮಿಷಕ್ಕೆ 100 ಪೆಟ್ಟಿನ ಹಾಡು 106 ಪೆಟ್ಟಿನದಾಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸುವಂತಿಲ್ಲ.

ಈ ನಿರ್ಬಂಧವೇ ಇಲ್ಲಿ ವರವಾಯಿತು. ವೇಗದ ರೂಪವೇ ಮೇಲಿನ ಶ್ರುತಿಯಲ್ಲಿತ್ತು. ನಿಧಾನದ್ದನ್ನು ತುಸು ಓಡಿಸಿ, ವೇಗದ್ದನ್ನು ತುಸು ತಡೆದರೆ ಎರಡು ವ್ಯತ್ಯಾಸಗಳೂ ಒಟ್ಟಿಗೆ ಕರಗುತ್ತವೆ. ವೇಗದ ರೂಪ ಕೆಳಗಿನ ಶ್ರುತಿಯಲ್ಲಿದ್ದಿದ್ದರೆ? ಒಂದನ್ನು ಸರಿಪಡಿಸಹೊರಟರೆ ಇನ್ನೊಂದು ಮತ್ತಷ್ಟು ಕೆಡುತ್ತಿತ್ತು.

ಡಿಸೆಂಬರ್ 22ರಂದು ಮಾರ್ಟಿನ್ ಮತ್ತು ಆಗಷ್ಟೇ 21 ತುಂಬಿದ್ದ ಧ್ವನಿ ಎಂಜಿನಿಯರ್ ಜೆಫ್ ಎಮರಿಕ್ ಈ ಕೆಲಸಕ್ಕೆ ಕುಳಿತರು. ಇದ್ದ ಸಾಧನಗಳು ಎರಡು ಟೇಪ್ ಯಂತ್ರ, ವೇಗ ನಿಯಂತ್ರಕ, ಕತ್ತರಿ. ಒಂದು ಧ್ವನಿ ಇನ್ನೊಂದರೊಳಗೆ ಮೆಲ್ಲನೆ ಸರಿಯಲೆಂದು ಟೇಪನ್ನು ಓರೆಯಾಗಿ ಕತ್ತರಿಸಿ ಅಂಟಿಸಿದರು. ಹಾಡಿನ ಒಂದನೆಯ ನಿಮಿಷದ ಆಸುಪಾಸಿನಲ್ಲಿ ಕಿವಿಗೊಟ್ಟು ಕೇಳಿದರೆ ಬೆಸುಗೆ ಪತ್ತೆಯಾಗುತ್ತದೆ. ಅಲ್ಲಿಂದಾಚೆ, ಟೇಪು ನಿಧಾನವಾದುದರಿಂದ, ಲೆನನ್ ಧ್ವನಿ ಮಂದವಾಗಿ, ಕನಸಿನೊಳಗಿಂದ ಬಂದಂತಿದೆ. ಬಾಲ್ಯದ ನೆನಪಿನ ಹಾಡಿಗೆ ಅದು ಚೆನ್ನಾಗಿ ಒಪ್ಪಿತು.

ಹಾಡಿನ ಶ್ರುತಿ ಕೊನೆಗೆ ‘ಎ’ ಮತ್ತು ‘ಬಿ ಫ್ಲ್ಯಾಟ್’ ನಡುವೆ ನಿಂತಿತು. ಹಾಗಾಗಿ ಹಾರ್ಮೋನಿಯಂ ಹಿಡಿದು ಜೊತೆಗೂಡಿಸಹೊರಟವರಿಗೆ ಯಾವ ಮನೆಯೂ ಸರಿಯಾಗಿ ಕೂಡುವುದಿಲ್ಲ. ತಾಳ ಬಹುಪಾಲು ನಾಲ್ಕರ ಎಣಿಕೆಯದು. ಪಲ್ಲವಿಯಲ್ಲಿ ಮಾತಿನ ಓಟಕ್ಕೆ ತಕ್ಕಂತೆ ಬದಲಾಗುತ್ತದೆ. ಆರಂಭದ ಕೊಳಲು ನಿಜವಾದ ಕೊಳಲಲ್ಲ. ಮನೆ ಒತ್ತಿದಾಗ ಟೇಪಿನ ತುಂಡು ಓಡಿ ನುಡಿಯುವ ಮೆಲ್ಲೊಟ್ರಾನ್. ನಡುವೆ ಝಲ್ಲೆನ್ನುವುದು ನಮ್ಮ ಹಿಂದೂಸ್ತಾನಿ ಗಾಯಕರು ಬಳಸುವ ಸ್ವರಮಂಡಲ. ನುಡಿಸಿದವರು ಜಾರ್ಜ್ ಹ್ಯಾರಿಸನ್.

1967ರ ಫೆಬ್ರವರಿಯಲ್ಲಿ ಹಾಡು ಬಿಡುಗಡೆಯಾಯಿತು. ಇಂದು ಮೊಬೈಲಿನ ಉಚಿತ ತಂತ್ರಾಂಶವೂ ಶ್ರುತಿ ಬದಲಿಸದೆ ವೇಗ ಬದಲಿಸಬಲ್ಲದು. ವಿದ್ಯಾರ್ಥಿಗಳು ತಮ್ಮದೇ ಹಾಡಿನ ಒಂದು ಸಾಲನ್ನು ಮುದ್ರಿಸಿ, ಆ ಸೌಲಭ್ಯವಿಲ್ಲದೆ ಒಮ್ಮೆ, ಇಟ್ಟುಕೊಂಡು ಒಮ್ಮೆ, ಶೇಕಡ 6ರಷ್ಟು ಓಡಿಸಿ ಕೇಳಲಿ. ತರಂಗಗಳ ಪಾಠದಲ್ಲಿ ಬಾಯಿಪಾಠ ಮಾಡಿದ ಆವೃತ್ತಿ ಎಂಬ ಪದ ಆಗ ಕಿವಿಗೇ ಅರ್ಥವಾಗುತ್ತದೆ. ಹಾಡು ಕೇಳುತ್ತಾ ಕುಳಿತರೆ ಓದು ಕೆಡುತ್ತದೆ ಎನ್ನುವ ಹೆತ್ತವರೂ ಆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತರೆ ನಷ್ಟವೇನಿಲ್ಲ.