ಅಕ್ಕನ ವಚನಗಳಲ್ಲಿ ಸಮಾಧಾನದ ಸಾಧನೆ

ನೆಮ್ಮದಿಯನ್ನು ಅರಸುವ ಮನುಷ್ಯನು ಸಾಮಾನ್ಯವಾಗಿ ಭಯಕ್ಕೆ ಕಾರಣವೇ ಇಲ್ಲದ ತಾಣವನ್ನು ಅರಸುತ್ತಾನೆ. 12ನೆಯ ಶತಮಾನದ ಶಿವಶರಣೆ ಅಕ್ಕಮಹಾದೇವಿಯ ಎರಡು ಪ್ರಸಿದ್ಧ ವಚನಗಳು ಈ ಅರಸುವಿಕೆಯ ದಿಕ್ಕನ್ನೇ ಬದಲಿಸುತ್ತವೆ. ಪರಂಪರೆಯು ತಿಳಿಸುವಂತೆ, ಉಡುತಡಿಯ ಮನೆಯನ್ನೂ ಕೌಶಿಕನ ಅರಮನೆಯನ್ನೂ ತೊರೆದು ಶ್ರೀಶೈಲದ ಕದಳಿಯವರೆಗೆ ನಡೆದ ಆಕೆಗೆ ಇದು ಬರಿಯ ತತ್ತ್ವವಿಚಾರವಾಗಿರಲಿಲ್ಲ. ದಿನದಿನದ ಬದುಕಿನ ಪ್ರಶ್ನೆಯೇ ಆಗಿತ್ತು.

ಮೊದಲನೆಯ ವಚನವು ಹಸಿವು, ತೃಷೆ, ನಿದ್ರೆಗಳನ್ನು ಹೆಸರಿಸಿ, ಊರ ಭಿಕ್ಷೆ, ಕೆರೆಬಾವಿಗಳು, ಪಾಳುದೇಗುಲಗಳಲ್ಲಿ ಅವಕ್ಕೆ ಉತ್ತರವನ್ನು ಕಾಣುತ್ತದೆ; ಒಂಟಿತನಕ್ಕೆ ಮಾತ್ರ ಚೆನ್ನಮಲ್ಲಿಕಾರ್ಜುನನ ಸಾಂಗತ್ಯವನ್ನು ನೆನೆಯುತ್ತದೆ. ಇಲ್ಲಿ ದೇಹದ ಅಗತ್ಯಗಳ ನಿರಾಕರಣೆಯಿಲ್ಲ. ಅವು ಎಷ್ಟು ಅಲ್ಪದಲ್ಲಿ ತೀರಬಲ್ಲವೆಂಬ ಅರಿವಿದೆ.

ಎರಡನೆಯ ವಚನವು ಮನಸ್ಸಿಗೆ ಸಂಬಂಧಿಸಿದುದು. ಬೆಟ್ಟ, ಕಡಲತೀರ, ಸಂತೆ ಎಂಬ ಮೂರು ತಾಣಗಳಲ್ಲಿ ಮನೆಮಾಡಿದವನನ್ನು ಅದು ಕಣ್ಣಮುಂದೆ ನಿಲ್ಲಿಸುತ್ತದೆ. ಮೃಗ, ತೆರೆ, ಗದ್ದಲಗಳು ಆಯಾ ತಾಣದ ಸಹಜಧರ್ಮ. ಅಲ್ಲಿ ನೆಲಸಿದವನು ಅವುಗಳಿಗೆ ಅಳುಕುವುದು ಅಸಂಗತ. ಚಿತ್ರಗಳ ಕ್ರಮವೂ ಗಮನಾರ್ಹವಾದುದು. ಮೊದಲೆರಡು ತಾಣಗಳಲ್ಲಿರುವುದು ಪ್ರಾಣಭಯ; ಸಂತೆಯಲ್ಲಿರುವುದು ನಾಚಿಕೆ. ಹೀಗೆ ಹೊರಗಿನ ಅಪಾಯದಿಂದ ಒಳಗಿನ ಅಳುಕಿಗೆ ಸರಿದ ವಚನವು ಕೊನೆಗೆ ಲೋಕದ ಸ್ತುತಿನಿಂದೆಗಳಿಗೆ ಬಂದು ನಿಲ್ಲುತ್ತದೆ. ನಿಂದೆಯೊಡನೆ ಸ್ತುತಿಯನ್ನೂ ಸೇರಿಸಿರುವುದರಲ್ಲಿಯೇ ಅಕ್ಕನ ಸೂಕ್ಷ್ಮದೃಷ್ಟಿಯಿದೆ. ಹೊಗಳಿಕೆಯನ್ನು ಆಶ್ರಯಿಸಿದ ಮನಸ್ಸು ಅದು ನಿಂತೊಡನೆ ಕುಸಿಯುತ್ತದೆಯಷ್ಟೆ.

ಆದುದರಿಂದ ಈ ವಚನವನ್ನು ಅರ್ಥಮಾಡಿಕೊಂಡರೆ ಸಾಲದು, ಭಾವಿಸಬೇಕು. ಶ್ರವಣದ ಅನಂತರ ಮನನವೂ ನಿದಿಧ್ಯಾಸನವೂ ಬೇಕೆಂದು ಹಿರಿಯರು ಹೇಳಿರುವುದು ಇದಕ್ಕಾಗಿಯೇ. ಸಾಧಕನು ಏಕಾಂತದಲ್ಲಿ ಕುಳಿತು ವಚನವನ್ನು ನಿಧಾನವಾಗಿ ಓದಲಿ. ಬೆಟ್ಟದ ಇರುಳನ್ನು, ತೆರೆಯ ಮೊರೆತವನ್ನು, ಸಂತೆಯ ಗಲಭೆಯನ್ನು ಒಂದೊಂದಾಗಿ ಕಲ್ಪಿಸಿಕೊಂಡು, ಅಲ್ಲಿಯ ಮನೆಯಲ್ಲಿ ತಾನೇ ಇರುವನೆಂದು ಬಗೆಯಲಿ. ಬಳಿಕ ಆ ದಿನ ತನ್ನನ್ನು ಕಲಕಿದ ಒಂದು ಮಾತನ್ನು ಅವುಗಳ ಸಾಲಿನಲ್ಲಿಟ್ಟು ನೋಡಲಿ. ಮಾತು ಅಳಿಯದು; ಆದರೆ ಅದೂ ಸಂತೆಯ ಸದ್ದುಗಳಲ್ಲೊಂದಾಗಿ ಕೇಳತೊಡಗುತ್ತದೆ.

ಇಂಥ ಕಲ್ಪನೆಯು ಪಲಾಯನವಲ್ಲ. ಪಲಾಯನದ ಕಲ್ಪನೆ ಮೃಗಗಳಿಲ್ಲದ ಬೆಟ್ಟವನ್ನು ಕಟ್ಟುತ್ತದೆ. ಅಕ್ಕನದು ಮೃಗಗಳಿರುವ ಬೆಟ್ಟದಲ್ಲಿಯೇ ಬಾಳುವ ಧೈರ್ಯವನ್ನು ಕಟ್ಟುತ್ತದೆ. ಆಕೆ ಬಯಸಿದ್ದು ತೆರೆಯಿಲ್ಲದ ಕಡಲನ್ನಲ್ಲ, ಸಮಾಧಾನಿಯಾದ ಮನಸ್ಸನ್ನು. ಅಂಥ ಮನಸ್ಸುಳ್ಳವರಿಗೆ ಪಾಳುದೇಗುಲವೂ ಮನೆಯಾದೀತು. ಅದಿಲ್ಲದವರಿಗೆ ಅರಮನೆಯೂ ಆಸರೆಯಾಗದು.